ಪೈಲ್ವಾನನ ಮೀನಖಂಡ

ತಾಟಿನ ಅಂಚಿಗೆ ಅಂಟಿದ ತುಪ್ಪ, ಅದನ್ನು ಒರೆಸುವ ಅಮೋಲನ ಪುಟ್ಟ ಬೆರಳು, ಹೋಳಿಗೆಯ ಒಂದೇ ಒಂದು ಚೂರು ಉಳಿದಿದೆ, ಅದು ಮುಗಿದರೆ ಅವನು ಏಳುತ್ತಾನೆ — ಏಳಬಾರದು, ಇನ್ನೊಂದಿಷ್ಟು ಹೊತ್ತು ಏಳಬಾರದು ಎಂದುಕೊಳ್ಳುತ್ತ ಸ್ನೇಹಲತಾ ಮಗನ ತಾಟಿಗೆ ಮತ್ತೊಂದು ಹೋಳಿಗೆ ಹಾಕುತ್ತಾಳೆ, ಸಾಕಮ್ಮಾ ಹೊಟ್ಟಿ ತುಂಬೇತಿ ಅನ್ನುತ್ತಾನೆ ಅವನು, ತಿನ್ನೋ ತಿನ್ನೋ ಪೈಲ್ವಾನ ಅನ್ನುತ್ತಾರೆ ಪಕ್ಕದಲ್ಲಿ ಕೂತ ಮಾವ ಗುರುಬಸವ, ಸನತ್‌ನಗರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದರೂ ಊರ ಗರಡಿಯ ಮಣ್ಣು ಅವರ ಮಾತಿನಿಂದ ಇನ್ನೂ ಉದುರಿಲ್ಲ, ಮೊಮ್ಮಗನ ಕಾಲು ಹಿಡಿದು ಸಾಲಿನಲ್ಲಿ ಕೂತ ನೆಂಟರಿಗೆಲ್ಲ ತೋರಿಸುತ್ತಾರೆ, ಮೀನಖಂಡ ನೋಡ್ರಿ, ನಾಕು ವರ್ಷದ ಹುಡುಗನ ಕಾಲೇನ್ರಿ ಇದು, ನಮ್ಮ ವಂಶದ್ದು — ಅಲ್ಲ ಮಾವಾ, ನಿಮ್ಮ ವಂಶದ್ದಲ್ಲ, ನನ್ನದು, ನಾನು ತಂದದ್ದು, ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತ ಮಗನ ಹೋಳಿಗೆಯ ಮೇಲೆ ಇನ್ನಷ್ಟು ತುಪ್ಪ ಸುರಿಯುತ್ತಾಳೆ.

ಶುಕ್ರವಾರದವರೆಗೆ ಏನೂ ಇರಲಿಲ್ಲ, ಶುಕ್ರವಾರ ತಾನು ಜೀವಶಾಸ್ತ್ರ ಕಲಿಸುವ ನಾರಾಯಣಗೂಡದ ಕೋಚಿಂಗ್ ಕ್ಲಾಸಿನ ಬೋರ್ಡಿನ ಮೇಲೆ ಮೂರು ಚಿತ್ರ ಬರೆದಿದ್ದಳು, ಹೇಳಿದ ಮಾತು ಕೇಳುವ ಎಲುಬಿನ ಸ್ನಾಯು, ಯಾರ ಮಾತೂ ಕೇಳದೆ ತನ್ನ ಪಾಡಿಗೆ ದುಡಿಯುವ ಕರುಳಿನ ಸ್ನಾಯು, ದಣಿವೇ ಇಲ್ಲದ ಹೃದಯದ್ದು, ಎಳೆಯ ಮೇಲೆ ಎಳೆ ಜಾರಿದರೆ ಸ್ನಾಯು ಕುಗ್ಗುತ್ತದೆ, ಕುಗ್ಗಿದರೆ ಕಾಲು ಏಳುತ್ತದೆ, ನಿದ್ದೆಯಲ್ಲೂ ಹೇಳಬಲ್ಲ ಪಾಠ, ಆದರೆ ನಿಖಿತಾ ಎಂಬ ಹುಡುಗಿ ಪುಸ್ತಕದ ಮೂಲೆಯಲ್ಲಿದ್ದ ರೋಗವೊಂದನ್ನು ತೋರಿಸಿ ಕೇಳಿದಳು, ಮೇಡಂ, ಸ್ನಾಯು ಸವೆದರೆ ಕಾಲು ಸಣ್ಣ ಆಗಬೇಕಲ್ಲ, ದಪ್ಪ ಯಾಕೆ, ಇವಳು ಉತ್ತರ ಹೇಳತೊಡಗಿದಳು, ಸವೆದ ಜಾಗದಲ್ಲಿ ಕೊಬ್ಬು ತುಂಬುತ್ತದೆ, ನೋಡಲು ಮಾತ್ರ ಪೈಲ್ವಾನನ ಕಾಲು, ರೋಗವನ್ನು ತಾಯಿ ತನ್ನ ರಕ್ತದಲ್ಲಿ ಹೊತ್ತು ತರುತ್ತಾಳೆ, ಅವಳಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಗಂಡುಮಕ್ಕಳಿಗೆ — ಅಲ್ಲಿಗೆ ಸೀಮೆಸುಣ್ಣ ನಿಂತುಬಿಟ್ಟಿತು, ಹುಲಗೇಶ, ತಮ್ಮ ಹುಲಗೇಶ, ರಾಯಚೂರಿನ ಪಡಸಾಲೆ, ಅವನಿಗೂ ಇಂಥದೇ ಮೀನಖಂಡ, ಅಪ್ಪ ಹೆಮ್ಮೆಯಿಂದ ತುಪ್ಪ ಸುರಿಯುತ್ತಿದ್ದ, ಆಮೇಲೆ ಹುಡುಗ ನಡೆಯುತ್ತ ನಡೆಯುತ್ತ ಬೀಳತೊಡಗಿದ, ದೃಷ್ಟಿ ಆಗೇತಿ ಅಂದರು, ಕರಿದಾರ ಕಟ್ಟಿದರು, ರೋಗದ ಹೆಸರು ಯಾರಿಗೂ ಗೊತ್ತಾಗಲಿಲ್ಲ, ಮೀಸೆ ಮೂಡುವ ಹೊತ್ತಿಗೆ ಅವನ ಹೃದಯವೂ ದಣಿದುಹೋಯಿತು, ಆದರೆ ಬೀಳುವುದಕ್ಕೂ ಮೊದಲು, ಉಂಡು ಏಳುವಾಗ, ಅಂಗೈ ನೆಲಕ್ಕೆ, ಅಂಗೈ ಮೊಣಕಾಲಿಗೆ, ಅಂಗೈ ತೊಡೆಗೆ, ತನ್ನ ಮೈಯನ್ನೇ ತಾನು ಹತ್ತಿಕೊಂಡು ನಿಲ್ಲುತ್ತಿದ್ದ, ಮುದುಕಪ್ಪ ಎದ್ದ ನೋಡ್ರಿ ಎಂದು ಎಲ್ಲರೂ ನಗುತ್ತಿದ್ದರು, ಅವಳೂ ನಕ್ಕಿದ್ದಳು.

ಇಲ್ಲ, ಎಷ್ಟೋ ಮಕ್ಕಳ ಕಾಲು ದಪ್ಪಗಿರುತ್ತದೆ, ಓದಿದವಳ ಹುಚ್ಚು ಇದು, ಗಂಡನಿಗೂ ಹೇಳಿಲ್ಲ, ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ, ದಿನವೂ ಮೇಜಿನ ಊಟ, ಕುರ್ಚಿಯಿಂದ ಜಾರಿ ಇಳಿಯುತ್ತಾನೆ, ನೆಲದಿಂದ ಏಳುವುದನ್ನು ಗಮನಿಸಿಯೇ ಇರಲಿಲ್ಲ, ಶುಕ್ರವಾರದಿಂದ ನೋಡಬಾರದೆಂದೇ ಓಡಿ ಹೋಗಿ ಎತ್ತಿಕೊಳ್ಳುತ್ತಿದ್ದಾಳೆ, ಇವತ್ತು ನೆಂಟರು ಬಂದಿದ್ದಾರೆಂದು ಮಾವ ಎಲ್ಲರನ್ನೂ ನೆಲದ ಮೇಲೆ ಕೂರಿಸಿದರು, ಕೂತು ಉಂಡರ ಊಟ ಮೈಗೆ ಹತ್ತತೈತಿ ಅಂದರು, ಈಗ ಒಬ್ಬೊಬ್ಬರೇ ಏಳುತ್ತಿದ್ದಾರೆ, ತಾಟು ಖಾಲಿ, ಅಮೋಲ ಮುಂದಕ್ಕೆ ಬಾಗುತ್ತಾನೆ, ಬಾ ಕಂದಾ ಎಂದು ಅವಳು ಎರಡೂ ಕೈ ಚಾಚುತ್ತಾಳೆ, ಮಾವ ಅಡ್ಡ ಕೈ ಹಿಡಿದು ನಗುತ್ತಾರೆ, ಬಿಡವಾ, ಪೈಲ್ವಾನನ್ನ ಯಾರರೆ ಎತ್ತತಾರೇನು, ತಾನ ಏಳಲಿ — ಏಳು ಕಂದಾ, ಎಲ್ಲರ ಹಾಗೆ ಏಳು, ಚಂಗನೆ ಏಳು, ಒಂದೇ ಒಂದು ಸಲ — ಅವನು ಎದ್ದ, ನಿಂತ, ನೆಂಟರು ನಕ್ಕರು, ಮಾವ ಚಪ್ಪಾಳೆ ತಟ್ಟುತ್ತಿದ್ದಾರೆ, ಅವಳಿಗೆ ಏನೂ ಕೇಳಿಸುತ್ತಿಲ್ಲ, ನೆಲದ ಮೇಲೆ ತುಪ್ಪದ ಒಂದು ಅಂಗೈ, ಚಡ್ಡಿಯ ಕೆಳಗೆ ಮೊಣಕಾಲ ಮೇಲೆ ಹೊಳೆಯುವ ಅಂಗೈ, ತೊಡೆಯ ಮೇಲೆ ಅಂಗೈ, ಪುಟ್ಟ ಅಂಗೈ, ತುಪ್ಪದ್ದು.