ಮರಿಯ ಮೂತಿಗೆ ಒಂದು ಬೆರಳು ಸಡಿಲ

ಬಟ್ಟೆ ಕತ್ತರಿಸುವ ಮೇಜಿನಿಂದ ನಾಯಿಮರಿ ಬಿದ್ದದ್ದು ಯಾರ ತಪ್ಪಿನಿಂದ ಎಂದು ಯಾರೂ ಕೇಳಲಿಲ್ಲ. ಕಾಲಿಗೆ ಸಿಗುತ್ತದೆಂದು ಅದನ್ನೆತ್ತಿ ಅಲ್ಲಿ ಕೂರಿಸಿದವರು ಟೈಲರೇ. ಹೆಂಡತಿ ಒಂದು ಮಾತೂ ಆಡದಿದ್ದದ್ದೇ ಅವರಿಗೆ ಹೆಚ್ಚು ಚುಚ್ಚಿತು. ಅವಳು ಮರಿಯನ್ನು ಟವೆಲಿನಲ್ಲಿ ಸುತ್ತಿಕೊಂಡಳು, ಅವರು ಅಂಗಡಿಯ ಬಾಗಿಲೆಳೆದರು, ಇಬ್ಬರೂ ಪ್ರಾಣಿಗಳ ಆಸ್ಪತ್ರೆಗೆ ನಡೆದರು.

ಡಾಕ್ಟರಮ್ಮ ಎಕ್ಸ್‌ರೇ ಬೆಳಕಿಗೆ ಹಿಡಿದು, ಕೆಳದವಡೆ ಎಡಗಡೆ ಮುರಿದಿದೆ ಎಂದರು. ದಾರಿ ಮೂರಿವೆಯಂತೆ. ಲೋಹದ ಪ್ಲೇಟು ಕೂರಿಸಿ ಸ್ಕ್ರೂ ಹಾಕುವುದೊಂದು. ಆದರೆ ಎರಡು ತಿಂಗಳ ಮರಿಯ ದವಡೆಯೊಳಗೆ ಮುಂದೆ ಹುಟ್ಟಬೇಕಾದ ಹಲ್ಲುಗಳು ಸಾಲುಗಟ್ಟಿ ಕೂತಿರುತ್ತವೆ, ಎಲ್ಲಿ ಕೊರೆದರೂ ಒಂದಲ್ಲ ಒಂದಕ್ಕೆ ತಗಲುತ್ತದೆ. ತಂತಿ ಕಟ್ಟುವುದು ಇನ್ನೊಂದು. ಅದಕ್ಕೂ ಅರಿವಳಿಕೆ ಬೇಕು, ಅಂಗೈಯಗಲದ ಜೀವ ಮತ್ತೆ ಎದ್ದೇ ಏಳುತ್ತದೆಂದು ಹೇಳಲಾಗದು. ಮೂರನೆಯದು, ಮೂತಿಗೆ ಬಟ್ಟೆಯ ಪಟ್ಟಿ. ಮೂರು ವಾರ ದವಡೆ ಹೆಚ್ಚು ಅಲುಗದಿದ್ದರೆ ಎಳೆಮೂಳೆ ತಾನೇ ಕೂಡಿಕೊಳ್ಳುತ್ತದೆ.

"ಪಟ್ಟಿ ನೀವೇ ಹೊಲಿದ್ಬಿಡಿ," ಎಂದರು. "ನನ್ನ ಕಿರುಬೆರಳು ಹೋಗೋಷ್ಟು ಸಡಿಲ ಇರ್ಲಿ. ನಾಲಿಗೆ ಆಚೆ ಬರ್ಬೇಕು. ನಾಳೆ ಸಂಜೆಯೊಳಗೆ ತಾನಾಗಿ ನೆಕ್ಕಿ ಕುಡೀದಿದ್ರೆ ತಂತೀನೇ ಗತಿ."

ಇಪ್ಪತ್ತೆಂಟು ವರ್ಷದಲ್ಲಿ ಟೈಲರ್ ಸಡಿಲವಾಗಿ ಹೊಲಿದದ್ದು ಒಂದೂ ಇರಲಿಲ್ಲ. ಮೂತಿಯ ಉದ್ದ, ಬುಡದ ಸುತ್ತು, ತುದಿಯ ಸುತ್ತು, ಕಿವಿಯ ಹಿಂದಿನಿಂದ ಗದ್ದದವರೆಗೆ, ಎಲ್ಲದರ ಅಳತೆ ತೆಗೆದರು. ಕೋಟಿನ ಒಳಪದರಕ್ಕೆ ಹಾಕುವ ನುಣುಪು ಬಟ್ಟೆ ಕೊಟ್ಟು, ಅಂಚು ಮಡಿಸಿ ಹೊಲಿದರು. ತೊಡಿಸಿದರೆ ಒಂದು ಸುಕ್ಕಿಲ್ಲ. ಮರಿ ಫೋಟೋಗೆ ನಿಂತ ಮದುಮಗನ ಹಾಗೆ ನೆಟ್ಟಗೆ ನಿಂತಿತು.

ಹೆಂಡತಿ ತೆಳ್ಳಗಿನ ಗಂಜಿ ಇಟ್ಟಳು. ಮರಿ ಮೂಗು ಅದ್ದಿತು, ಸೀನಿತು, ಟೈಲರ ಮುಖ ನೋಡಿತು.

"ರೀ, ನಾಲಿಗೆ ಎಲ್ಲಿಂದ ಬರ್ಬೇಕು?"

ಬಿಚ್ಚಿ ಕೂದಲೆಳೆಯಷ್ಟು ಬಿಟ್ಟರು. ಸಾಲಲಿಲ್ಲ. ಇನ್ನೊಂದು ಎಳೆ ಬಿಟ್ಟರು. ಮರುದಿನ ಮಧ್ಯಾಹ್ನದ ಹೊತ್ತಿಗೆ, ಸಿರಿಂಜಿನಲ್ಲಿ ತುಟಿಯಂಚಿಗೆ ಹನಿಸಿದ್ದು ಬಿಟ್ಟರೆ ಮರಿಯ ಹೊಟ್ಟೆಗೆ ಏನೂ ಹೋಗಿರಲಿಲ್ಲ. ಅದು ಮಿಷನ್ನಿನ ಪೆಡಲಿನ ಪಕ್ಕ ಬಾಲ ಚೆಲ್ಲಿ ಮಲಗಿತ್ತು. ಇದಕ್ಕಿಂತ ಸಡಿಲ ಬಿಟ್ಟರೆ ಪಟ್ಟಿ ಜಾರುತ್ತದೆ, ಗೋಣಿಚೀಲ ತೊಡಿಸಿದ ಹಾಗೆ ಕಾಣುತ್ತದೆ, ಅಂಗಡಿಗೆ ನಾಲ್ಕು ಜನ ಬರುತ್ತಾರೆ ಎಂದು ಟೈಲರ್ ವಿವರವಾಗಿ ಹೇಳಿದರು. ಹೆಂಡತಿ ಪೂರ್ತಿ ಕೇಳಿಸಿಕೊಂಡಳು.

"ಸಂಜೆ ತಂತಿ ಕಟ್ಟೋಕೆ ಇಂಜೆಕ್ಷನ್ ಕೊಟ್ಟು ಮಲಗಿಸ್ತಾರೆ," ಎಂದಳು. "ಏಳದಿದ್ರೆ, ಅಳತೆ ಮಾತ್ರ ಸರಿಯಾಗಿತ್ತು ಅಂತ ಹೇಳ್ಕೊಳ್ಳೋಣ."

ಟೈಲರ್ ಮರಿಯ ಮೂತಿಯಿಂದ ಪಟ್ಟಿ ತೆಗೆದರು. ಆಮೇಲೆ ಹೊಲಿಗೆಯನ್ನೆಲ್ಲ ಬಿಚ್ಚಿದರು.

"ಕೈ ಕೊಡು."

ಅವಳ ಕಿರುಬೆರಳನ್ನು ಮರಿಯ ಮೂತಿಯ ಪಕ್ಕ ಇಡಿಸಿ, ಎರಡನ್ನೂ ಸೇರಿಸಿ ಬಟ್ಟೆ ಸುತ್ತಿ ಗುಂಡುಪಿನ್ನು ಚುಚ್ಚಿದರು.

"ಡಾಕ್ಟರಮ್ಮನದಕ್ಕಿಂತ ದಪ್ಪ ಕಣ್ರೀ ನಂದು."

"ಇರ್ಲಿ."

ಹೊಸ ಪಟ್ಟಿ ಹಳೇ ಕಾಲುಚೀಲದ ಹಾಗೆ ಜೋತಾಡುತ್ತಿತ್ತು. ಅದನ್ನು ತೊಡಿಸಿ ಟೈಲರ್ ಗೋಡೆಯ ಕಡೆ ತಿರುಗಿ ನಿಂತರು. ತಟ್ಟೆ ಇಟ್ಟ ಸದ್ದಾಯಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಅವರು ಗೋಡೆಗೆ ಬಡಿದಿದ್ದ ಮೊಳೆಗಳನ್ನು ಎಣಿಸತೊಡಗಿದರು. ಏಳನೆಯದಕ್ಕೆ ಬಂದಾಗ ಲೊಚ ಲೊಚ ಎಂದು ಶುರುವಾಯಿತು, ನಿಂತಿತು, ಮತ್ತೆ ಶುರುವಾಗಿ, ತಟ್ಟೆ ನೆಲದ ಮೇಲೆ ಗೀರುತ್ತಾ ಸರಿಯುವವರೆಗೂ ನಿಲ್ಲಲಿಲ್ಲ.

"ಇನ್ನೊಂಚೂರು ಹಾಕೇ," ಎಂದರು ಟೈಲರ್, ಗೋಡೆಗೇ.