ಮೂರು ಹೊಳೆಕಲ್ಲು

ಸರ್ವೆ ಆಫೀಸಿನ ಕೃಷ್ಣಕುಮಾರರು ಕೆಸರಾದ ಪಾದವನ್ನು ಮೆಟ್ಟಿಲಿಗೆ ಉಜ್ಜುತ್ತ, "ಸ್ವಲ್ಪ ನೀರು ಕೊಡ್ತೀಯಾ?" ಎಂದಾಗ ವಿನೀತ ಒಳಗೆ ಓಡಿ ಚೆಂಬು ತಂದ. ಬಗ್ಗಿ ನೀರು ಹೊಯ್ದ. ಕೆಂಪು ನೀರು ಕಪ್ಪು ಕಲ್ಲಿನಿಂದ ಕಲ್ಲಿಗೆ ಇಳಿದು ಅಂಗಳ ಸೇರಿತು. ಅಂಗಳದ ಮೂಲೆಯಲ್ಲಿ ಬುಟ್ಟಿಗೆಂದು ಕಾಡುಬಳ್ಳಿ ಸೀಳುತ್ತಿದ್ದ ಅವನ ಅಜ್ಜಿ ಕಿನ್ನಿ ಮುಖವನ್ನು ಆಚೆ ತಿರುಗಿಸಿದಳು.

"ಒಳ್ಳೆ ಮೆಟ್ಟಿಲು ಮಾರಾಯ. ಜಾರುವುದೇ ಇಲ್ಲ."

"ನಾನೇ ಕೂರಿಸಿದ್ದು ಸಾರ್. ನನ್ನದು ಟೈಲ್ಸ್ ಕೆಲಸ ಅಲ್ವಾ." ಹೇಳಿ ಮುಗಿಸಿದ ವಿನೀತ ಅಜ್ಜಿಯ ಕಡೆ ಒಮ್ಮೆ ನೋಡಿದ.

ಮನೆಯ ಹಿಂದಿನ ಗುಡ್ಡದ ಜಗಳಕ್ಕೆ ಕೃಷ್ಣಕುಮಾರರು ಕುಂಬ್ಡಾಜೆಯವರೆಗೆ ಬಂದದ್ದು. ಆ ಗುಡ್ಡದಲ್ಲಿ ಕೊರಗರ ಈ ಮನೆಯವರು ಬಳ್ಳಿ ಕಡಿದರು, ಗೆಣಸು ಅಗೆದರು, ಹುಟ್ಟಿದರು, ಸತ್ತರು. ಪಂಚಾಯತಿನ ಮನೆ ಸಿಕ್ಕಿದ ಮೇಲೆಯೇ ಗುಡಿಸಲು ಬಿಟ್ಟು ಕೆಳಗೆ ಬಂದದ್ದು. ಬಂದದ್ದೇ ತಡ, ಪಕ್ಕದ ರಬ್ಬರ್ ತೋಟದವರು ಗುಡ್ಡಕ್ಕೆ ತಂತಿ ಬೇಲಿ ಎಳೆದರು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ವಿನೀತ ಹಲ್ಲು ಕಚ್ಚಿ, ತಪ್ಪೋ ಸರಿಯೋ, ಅರ್ಜಿ ಬರೆದಿದ್ದ. ಗುಡ್ಡ ನಮ್ಮದು ಎಂದು.

ತೋಟದ ಮೇಸ್ತ್ರಿ ಮಹಾಬಲ ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಹಿಡಿದು ಆಗಲೇ ಬಂದು ನಿಂತಿದ್ದ. "ಎಂತ ವಿನೀತಾ, ಗುಡ್ಡ ನಿನ್ನದಂತೆ? ಯಾವಾಗ ಕೊಂಡದ್ದು?"

"ಕೊಳ್ಳಲಿಕ್ಕೆ ಎಂತ ಉಂಟು ಮಹಾಬಲಣ್ಣ? ನಾವು ಇದ್ದದ್ದೇ ಅಲ್ಲಿ."

"ಇದ್ದವರಿಗೆ ಕಾಗದ ಇರ್ತದೆ. ನೋಡಿ ಸಾರ್, ಇದು ಬಿಳಿಯರ ಕಾಲದ್ದು."

ಕೃಷ್ಣಕುಮಾರರು ಕನ್ನಡಕ ಏರಿಸಿ ಓದಿದರು. ಹಳೆಯ ಸರ್ವೆಯ ನಕಲು. ಇಂಗ್ಲಿಷಿನಲ್ಲಿದ್ದುದನ್ನು ನಿಧಾನವಾಗಿ ಕನ್ನಡದಲ್ಲಿ ಹೇಳಿದರು: "ಗುಡ್ಡ. ಪೊದೆ. ಮನುಷ್ಯರು ಯಾರೂ ವಾಸ ಇಲ್ಲ."

ಕಿನ್ನಿ ನಕ್ಕಳು. "ಆ ದೊರೆಗೆ ಅಳತೆಯ ಸರಪಳಿ ಹಿಡಿದದ್ದು ಯಾರಂತೆ? ನನ್ನ ಅಜ್ಜ. ಬುಡದಿಂದ ತುದಿಯವರೆಗೆ ಹಿಡಿದನಂತೆ. ಮಧ್ಯಾಹ್ನ ಬಾಯಾರಿಕೆಗೆ ನೀರು ಕೊಟ್ಟದ್ದು ನಮ್ಮ ಗುಡಿಸಲಿಂದ. ದೊರೆ ಕುಡಿದ. ಜೊತೆಗಿದ್ದ ಗುಮಾಸ್ತ ಕುಡಿಯಲಿಲ್ಲ, ನಮ್ಮ ನೀರಲ್ವಾ. ಕುಡಿದವ ಬಾಯಿ ಒರೆಸಿಕೊಂಡು ಬರೆದ, ಇಲ್ಲಿ ಯಾರೂ ಇಲ್ಲ ಅಂತ."

"ಕಥೆ ಹೇಳಿದರೆ ಜಾಗದ ಪಟ್ಟೆ ಸಿಗ್ತದಾ?" ಎಂದ ಮಹಾಬಲ.

"ಕಥೆ ಬರೆಯಲಿಕ್ಕೆ ನನ್ನ ವರದಿಯಲ್ಲಿ ಜಾಗ ಇಲ್ಲ ಅಜ್ಜಿ," ಕೃಷ್ಣಕುಮಾರರ ಸ್ವರ ಮೆತ್ತಗಿತ್ತು. "ಸತ್ತವರನ್ನು ಮಣ್ಣು ಮಾಡಿದ ಗುರುತು ಏನಾದರೂ ಉಂಟಾ? ಕಣ್ಣಿಗೆ ಕಂಡರೆ ಬರೆಯಬಹುದು. ಈ ಕಾಗದಕ್ಕೆ ಎದುರು ನಿಲ್ಲುವುದು ಅದೊಂದೇ."

"ಉಂಟು," ಎಂದು ಕಿನ್ನಿ ಮೊಣಕಾಲಿಗೆ ಕೈ ಊರಿ ಎದ್ದಳು. ಎದ್ದ ಮೇಲೆ ಅವಳಿಗೆ ನೆನಪಾಯಿತೋ ಏನೋ, ಒಂದು ಗಳಿಗೆ ಹಾಗೆಯೇ ನಿಂತಳು. ವಿನೀತ ತಲೆ ತಗ್ಗಿಸಿದ.

ಈ ಮನೆಯಲ್ಲಿ ಒಬ್ಬರು ಸತ್ತರೆ ಗಂಡಸರು ಶಿರಿಯ ಹೊಳೆಗೆ ಇಳಿಯುತ್ತಿದ್ದರು. ನೀರು ತಿಕ್ಕಿ ನುಣುಪಾದ ಕಪ್ಪು ಕಲ್ಲೊಂದನ್ನು ಹೆಗಲಿಗೇರಿಸಿ, ದಾರಿಯಲ್ಲಿ ಎಲ್ಲೂ ಕೆಳಗಿಡದೆ ಗುಡ್ಡ ಹತ್ತಿ, ಸತ್ತವರ ತಲೆಯ ಕಡೆಗೆ ಹೂಳುತ್ತಿದ್ದರು. ಗುಡ್ಡವೆಲ್ಲ ಕೆಂಪು ಮುರಕಲ್ಲು. ಅಲ್ಲಿ ಕಪ್ಪು ಕಲ್ಲು ಕಂಡರೆ ಅದನ್ನು ಮನುಷ್ಯನೇ ಹೊತ್ತು ತಂದಿರಬೇಕು. ಇನ್ನು ಯಾವ ಸಾಕ್ಷಿ ಬೇಕು?

ತಂತಿ ಬೇಲಿ ದಾಟಿ ಹತ್ತಿ ನೋಡಿದರೆ ಅಲ್ಲಿ ಇದ್ದದ್ದು ಮೂರು ತಗ್ಗು. ಒಳಗೆ ಹುಲ್ಲು ಬೆಳೆದಿತ್ತು.

"ಹಂದಿ ಒಕ್ಕಿದ್ದು ಸಾರ್," ಮಹಾಬಲ ಕಿಸಕ್ಕನೆ ನಕ್ಕ.

"ದಾರಿಯಲ್ಲಿ ಹೇಳಿದ ಆ ಕಲ್ಲು ಎಲ್ಲಿ ಅಜ್ಜಿ?" ಕೃಷ್ಣಕುಮಾರರು ಕೇಳಿದರು.

ಕಿನ್ನಿ ಮೊಮ್ಮಗನ ಕಡೆ ನೋಡಲಿಲ್ಲ. ತಗ್ಗನ್ನೇ ನೋಡುತ್ತ, "ಮಳೆಗೆ ಹೋಯ್ತು," ಎಂದಳು.

ಇಬ್ಬರು ಸೇರಿ ಎತ್ತಬೇಕಾದ ಕಲ್ಲು, ತಟ್ಟೆಯಂತೆ ಸಮನಾಗಿರುವ ಗುಡ್ಡದ ನೆತ್ತಿ. ಯಾವ ಮಳೆಗೆ ಹೋಗುತ್ತದೆ? ಕೃಷ್ಣಕುಮಾರರು ಪೆನ್ನಿಗೆ ಮುಚ್ಚಳ ಹಾಕಿದರು.

ಎರಡು ವರ್ಷದ ಹಿಂದೆ, ಹೊಸ ಮನೆಯ ಒಕ್ಕಲಿನ ಊಟಕ್ಕೆ ಟೈಲ್ಸ್ ಕೆಲಸದ ಗೆಳೆಯರು ವರ್ಕಾಡಿಯಿಂದ ಜೀಪು ಮಾಡಿಕೊಂಡು ಬರುವವರಿದ್ದರು. ಅವರ ಹತ್ತಿರ ವಿನೀತ ತನ್ನ ಜಾತಿಯ ಬಗ್ಗೆ ಸುಳ್ಳು ಹೇಳಿದ್ದ. ಒಂದೇ ಗ್ಲಾಸಿನಲ್ಲಿ ಚಾ ಕುಡಿಯುವ ಆಸೆಗೆ ಹೇಳಿದ್ದು. ಗುಡ್ಡಕ್ಕೆ ಹತ್ತಿ ಈ ಕಲ್ಲು ಎಂತದು ಎಂದು ಕೇಳಿದರೆ? ಅಜ್ಜಿ ಬಳ್ಳಿಗೆ ಹೋದ ಹೊತ್ತು ನೋಡಿ ಮೂರನ್ನೂ ಹಾರೆ ಹಾಕಿ ಎಬ್ಬಿಸಿದ್ದ. ಹೊತ್ತು ತರಲೂ ಇಲ್ಲ, ಕಾಲಿನಿಂದ ದೂಡಿ ಉರುಳಿಸಿದ್ದ. ಬಾಗಿಲಿಗೆ ಮೆಟ್ಟಿಲೂ ಆಯಿತು, ಗುಡ್ಡವೂ ಚೊಕ್ಕಟವಾಯಿತು. ಅಜ್ಜಿ ಬಂದು ನೋಡಿದಳು. ಒಂದು ಮಾತು ಆಡಲಿಲ್ಲ. ಅಂದಿನಿಂದ ಅವಳು ಮನೆಯೊಳಗೆ ಹೋಗುವುದು ಹಿಂದಿನ ಅಡುಗೆಕೋಣೆಯ ಬಾಗಿಲಿಂದ. ವಯಸ್ಸಾಯಿತು, ಮೆಟ್ಟಿಲು ಹತ್ತಲಾಗುವುದಿಲ್ಲ ಎಂದುಕೊಂಡಿದ್ದ ವಿನೀತ. ಹಾಗೆ ಅಂದುಕೊಳ್ಳುವುದು ಸುಲಭವಿತ್ತು. ಇದೇ ಅಜ್ಜಿ ದಿನಾ ಗುಡ್ಡ ಹತ್ತುತ್ತಿದ್ದಳು.

"ಸಾರ್," ಎಂದ. ವಿನೀತ ತಗ್ಗಿನ ಅಂಚಿಗೆ ಬಂದ. "ಮಳೆಗೆ ಹೋದದ್ದಲ್ಲ. ನೀವು ಕಾಲು ತೊಳೆದ ಮೆಟ್ಟಿಲು ಉಂಟಲ್ಲ, ಅದು."

ಕೃಷ್ಣಕುಮಾರರು ತಮ್ಮ ಪಾದಗಳನ್ನು ನೋಡಿಕೊಂಡರು. ಆಮೇಲೆ ಪೆನ್ನು ತೆಗೆದರು. "ನಿನ್ನ ಹೇಳಿಕೆ ಬರೆದುಕೊಳ್ಳಬೇಕು. ತೆಗೆದದ್ದು ಯಾರು?"

"ನಾನು."

"ಎಂತಕ್ಕೆ?"

"ಮೆಟ್ಟಿಲಿಗೆ."

"ಎಂತ ಕಲ್ಲು ಅಂತ ಗೊತ್ತಿತ್ತಾ?"

ಗೊತ್ತಿರಲಿಲ್ಲ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಗೊತ್ತಿಲ್ಲದವನ ಮಾತಿಗೆ ಗುಡ್ಡ ಯಾರು ಕೊಡುತ್ತಾರೆ? "ಗೊತ್ತಿತ್ತು ಸಾರ್. ಮೆಟ್ಟಿಲಿನ ಬುಡದ ದೊಡ್ಡದು ಸರಪಳಿ ಹಿಡಿದ ಅಜ್ಜನದ್ದು."

"ಅಜ್ಜನ ತಲೆ ಮೆಟ್ಟಿದವನಿಗೆ ಗುಡ್ಡ ಬೇಕಂತೆ!" ಮಹಾಬಲ ಕೈ ತಟ್ಟಿದ.

"ಮೆಟ್ಟಿದ್ದು ನಮ್ಮ ಹುಡುಗ, ಮೆಟ್ಟಿಸಿಕೊಂಡದ್ದು ನಮ್ಮ ಅಜ್ಜ. ನೀನು ಹೋಗಿ ರಬ್ಬರು ನೋಡು ಮಹಾಬಲ." ಯಾವಾಗಲೂ ಧಣಿ ಎನ್ನುತ್ತಿದ್ದ ಕಿನ್ನಿ ಇವತ್ತು ಹೆಸರು ಹಿಡಿದು ಕರೆದಿದ್ದಳು. ಮಹಾಬಲ ಕವರು ಕಂಕುಳಿಗೆ ಸಿಕ್ಕಿಸಿ ಗುಡ್ಡ ಇಳಿದ.

ಕೃಷ್ಣಕುಮಾರರು ತಗ್ಗು ಅಳೆದರು, ಕೆಳಗೆ ಬಂದು ಮೆಟ್ಟಿಲು ಅಳೆದರು, ಫೋಟೊ ತೆಗೆದರು. ಈ ಸಲ ಕಲ್ಲನ್ನು ತುಳಿಯದೆ ಬಳಸಿ ನಡೆದರು. "ಕಂಡದ್ದನ್ನು ಬರೆದಿದ್ದೇನೆ. ಕಿತ್ತ ಕಲ್ಲನ್ನು ಮೇಲಿನವರು ಸಾಕ್ಷಿ ಅಂತ ಒಪ್ತಾರೋ ಇಲ್ಲವೋ, ಹೇಳಲಿಕ್ಕಾಗುವುದಿಲ್ಲ." ವಿನೀತ ಹೇಳಿಕೆಯ ಕೆಳಗೆ ಸಹಿ ಹಾಕಿದ. ತನ್ನ ಹೆಸರು ಇಷ್ಟು ಉದ್ದವೆಂದು ಅವನಿಗೆ ಅಂದೇ ತಿಳಿದದ್ದು.

ಕೃಷ್ಣಕುಮಾರರ ಜೀಪು ಹೋದ ಮೇಲೆ ವಿನೀತ ಹಾರೆ ತಂದು ಮೆಟ್ಟಿಲು ಎಬ್ಬಿಸಿದ. ಎತ್ತಿಕೊಡಲು ಕಿನ್ನಿ ಒಂದು ಕಡೆ ಕೈ ಹಾಕಿದಳು. ಹೆಗಲಿಗೆ ಬಂದ ಮೇಲೆ ಕೆಳಗಿಡಲಿಲ್ಲ. ಮೂರನೆಯದಕ್ಕೆ ಹೆಗಲಿನ ಚರ್ಮ ಸುಲಿದಿತ್ತು. ಕಿನ್ನಿ ಮುಂದೆ ಮುಂದೆ ಬಳ್ಳಿ ಸರಿಸುತ್ತ ನಡೆದಳು. ದೊಡ್ಡ ತಗ್ಗಿನಲ್ಲಿ ಕಲ್ಲು ಕೂತಾಗ ಚೆಂಬಿನ ನೀರು ಹೊಯ್ದು, ಸಿಮೆಂಟಿನ ಚೂರುಗಳನ್ನು ಉಗುರಿನಿಂದ ಕೆರೆದು ತೆಗೆದಳು.

ಇಳಿದು ಬಂದಾಗ ಬಾಗಿಲು ನೆಲದಿಂದ ಸೊಂಟದೆತ್ತರಕ್ಕೆ ಬಾಯಿ ತೆರೆದು ನಿಂತಿತ್ತು. ಕಿನ್ನಿ ಹಿಂದಕ್ಕೆ ಬಳಸಿ ಹೋಗಲಿಲ್ಲ. ಹೊಸಿಲಿಗೆ ಎರಡೂ ಕೈ ಊರಿ, ಮೊದಲು ಒಂದು ಮೊಣಕಾಲು, ಆಮೇಲೆ ಇನ್ನೊಂದು, ಅಂಬೆಗಾಲಿಡುವ ಮಗುವಿನ ಹಾಗೆ ಒಳಗೆ ಹತ್ತಿದಳು. ಕೈ ಕೊಡಲೋ ಬೇಡವೋ ತಿಳಿಯದೆ ವಿನೀತ ಖಾಲಿ ಚೆಂಬು ಹಿಡಿದು ಅಂಗಳದಲ್ಲಿ ನಿಂತಿದ್ದ.