ಅಕ್ಕನ ಅಂಗಿಯ ತೋಳು

ದರ್ಜಿ ತಂಗಿಗೆ ಅಕ್ಕನ ಮೇಲಿದ್ದ ಸಿಟ್ಟು ಇಂದು ನಿನ್ನೆಯದಲ್ಲ. ಚಿಕ್ಕಂದಿನಲ್ಲಿ ಅವಳ ಶಾಲೆಯ ಪುಸ್ತಕಗಳನ್ನು ಅಕ್ಕ ಒಲೆಗೆ ಹಾಕಿದ್ದಳು. ಅಲ್ಲಿಗೆ ಓದು ನಿಂತು ಹೊಲಿಗೆ ಮಿಷನ್ನು ಕೊರಳಿಗೆ ಬಿತ್ತು. ಅಕ್ಕ ಪ್ರೊಫೆಸರಾದಳು. ಈಗ ಅವಳಿಗೆ ಸನ್ಮಾನವಂತೆ, ರೇಷ್ಮೆ ಅಂಗಿ ಬೇಕಂತೆ, ಅದನ್ನು ತಂಗಿಯೇ ಹೊಲಿಯಬೇಕಂತೆ! ತಂಗಿ ಹಲ್ಲು ಕಚ್ಚಿ ಒಪ್ಪಿಕೊಂಡಳು. ಎಳೆದರೆ ಹರಿಯುವ ಲಡ್ಡು ನೂಲು ಹಾಕಿ ಹೊಲಿಯಬೇಕು, ವೇದಿಕೆಯಲ್ಲಿ ಕೈಯೆತ್ತಿದ ಕೂಡಲೇ ಕಂಕುಳು ಬಾಯಿ ಬಿಡಬೇಕು, ಊರೆಲ್ಲ ನಗಬೇಕು.

ಆದರೆ ಆ ಬಟ್ಟೆಗೆ ಕತ್ತರಿ ಹಿಡಿದರೆ ಸಾಕು, ಬಲಗೈ ಮರಗಟ್ಟುತ್ತಿತ್ತು. ಕೈಯಲ್ಲೇನೂ ದೋಷವಿಲ್ಲವೆಂದ ವೈದ್ಯರು ಅವಳನ್ನು ಮನಸ್ಸಿನ ಡಾಕ್ಟರಮ್ಮನ ಬಳಿಗೆ ಅಟ್ಟಿದರು. ಆಕೆಯೋ ಮಾತಿಗೆ ಬಲು ಜಿಪುಣಿ. ವಾರವಾರವೂ ಹಳೆಯದನ್ನೆಲ್ಲ ಕೆದಕಿಸಿ ಸುಮ್ಮನೆ ಕೇಳುತ್ತಿದ್ದಳು. ತಂಗಿಗೆ ಅಷ್ಟೇ ಬೇಕಿತ್ತು, ಅಕ್ಕನ ಜನ್ಮ ಜಾಲಾಡಿದಳು.

ಒಂದು ಮಧ್ಯಾಹ್ನ ಬಾಯಿ ತಪ್ಪಿತು. “ಅಮ್ಮ ನನ್ನ ಪುಸ್ತಕ ಒಲೆಗೆ ಹಾಕ್ತಿದ್ಲು... ಅಮ್ಮ ಅಲ್ಲ, ಅಕ್ಕ.”

ಡಾಕ್ಟರಮ್ಮ ತಲೆಯೆತ್ತಿದಳು. “ಹೋದ ವಾರಾನೂ ಮೊದಲು ಅಮ್ಮ ಅಂದಿದ್ರಿ. ಆಗ ಅಡುಗೆಮನೇಲಿ ಯಾರ್ಯಾರಿದ್ರು?”

ತಂಗಿ ಕಣ್ಣು ಮುಚ್ಚಿದಳು. ಬಾಗಿಲಿನಿಂದ ಕಂಡದ್ದು ಒಲೆಯೊಳಗಿದ್ದ ಅಕ್ಕನ ಕೈ. ಪಕ್ಕದಲ್ಲಿ ಅಮ್ಮ, ಅಮ್ಮನ ಕೈಯಲ್ಲಿ ಖಾಲಿಯಾದ ಶಾಲೆಯ ಚೀಲ. “ನೋಡು, ನಿನ್ನಕ್ಕ ಏನು ಮಾಡಿದ್ಲು” ಎಂದವಳೂ ಅಮ್ಮನೇ. ಅಕ್ಕನಿಗೆ ಮೊಣಕೈವರೆಗೆ ಸುಟ್ಟಿತ್ತು. ಎಸೆಯುವವರಿಗೆ ಅಷ್ಟು ಸುಡುವುದಿಲ್ಲ, ಉರಿಯಿಂದ ಎಳೆದುಕೊಳ್ಳುವವರಿಗೆ ಸುಡುತ್ತದೆ. ಆ ಕಲೆ ಮುಚ್ಚಲೆಂದೇ ಅಕ್ಕ ಯಾವಾಗಲೂ ಉದ್ದ ತೋಳು ಹೇಳುತ್ತಿದ್ದಳು. ತಂಗಿ ಹೊಲಿದುಕೊಟ್ಟು ಬೆನ್ನ ಹಿಂದೆ ಅಣಕಿಸುತ್ತಿದ್ದಳು. ಈಗ ನಾಚಿಕೆಯಿಂದ ಕುಗ್ಗಿಹೋದಳು. ನಾಚಿಕೆ ಇಳಿದ ಮೇಲೂ ಸಿಟ್ಟು ಮಾತ್ರ ಇಳಿಯಲಿಲ್ಲ.

“ಇಷ್ಟು ವರ್ಷ ತಪ್ಪು ಮನೆ ಬಾಗಿಲು ಬಡಿದೆ, ಡಾಕ್ಟರೇ,” ಎಂದು ಎದ್ದಳು.

ಮನೆಗೆ ಬಂದು ಅಕ್ಕನಿಗೆ ಫೋನು ಮಾಡಿದಳು. ಯಾಕೆ ಹೇಳಲಿಲ್ಲವೆಂದು ಕೇಳಿದಳು.

“ಹೇಳಿದ್ರೆ ನಿಂಗೆ ಅಮ್ಮನೂ ಇಲ್ಲದ ಹಾಗಾಗ್ತಿತ್ತಲ್ಲೇ,” ಎಂದಳು ಅಕ್ಕ.

ತಂಗಿ ಮೂಗೊರೆಸಿಕೊಂಡಳು. “ತೋಳು ಗಿಡ್ಡ ಇಡ್ಲಾ?”

ಅಕ್ಕ ಕೇಳಿದಳು, “ಅವತ್ತು ಅಮ್ಮ ಎಲ್ಲಿ ಕೂರ್ತಾಳೆ?”

“ಮುಂದಿನ ಸಾಲಲ್ಲಿ. ನಾನೇ ಕರ್ಕೊಂಡು ಬರ್ತೀನಿ.”

“ಹಾಗಾದ್ರೆ ಗಿಡ್ಡಾನೇ ಇರಲಿ.”

ಕತ್ತರಿ ಸರಾಗವಾಗಿ ಓಡಿತು. ನೂಲೂ ಗಟ್ಟಿಯದೇ ಹಾಕಿದಳು.

ಸನ್ಮಾನದ ದಿನ ಅಕ್ಕ ವೇದಿಕೆಯ ಮೇಲೆ ಕೈಯೆತ್ತಿದಾಗ ದೀಪದ ಬೆಳಕಿಗೆ ಕಲೆ ಎದ್ದು ಕಂಡಿತು. ಅಮ್ಮ ತಲೆ ತಗ್ಗಿಸಿ ಕೈಚೀಲದಲ್ಲಿ ಏನನ್ನೋ ತಡಕಾಡತೊಡಗಿದಳು. ತಂಗಿ ಆ ಚೀಲವನ್ನು ಮೆಲ್ಲನೆ ಕಿತ್ತುಕೊಂಡು ಅವಳ ಕಿವಿಯ ಬಳಿ ಬಾಗಿದಳು.

“ನೋಡಮ್ಮ, ಅಕ್ಕ ಏನು ಮಾಡಿದ್ಲು.”